ನನ್ನದಲ್ಲ, ನನ್ನವರದಲ್ಲ

ನನ್ನ ಮನೆಯನ್ನು ನಾನು ಕೊಂಡವಳಲ್ಲ, ಬಳುವಳಿಯಾಗಿ ಪಡೆದವಳೂ ಅಲ್ಲ; ಹಾಜರಿ ಹೇಳಿ ಗೆದ್ದವಳು. ಆ ಕಾಲದಲ್ಲಿ ನಮ್ಮ ಗೃಹ ಸಹಕಾರ ಸಂಘದ ಮನೆಗಳಿಗಾಗಿ ಕಾಯುವವರ ಪಟ್ಟಿಯೊಂದಿತ್ತು, ಆ ಪಟ್ಟಿಗೆ ಒಂದು ಕಟ್ಟಳೆಯೂ ಇತ್ತು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಕಾಯುವವರೆಲ್ಲ ಕಟ್ಟಡದ ಅಂಗಳದಲ್ಲಿ ಬಂದು ನಿಲ್ಲಬೇಕು; ಗುಮಾಸ್ತರು ಹೆಸರು ಕೂಗಿದಾಗ ‘ಇದ್ದೇನೆ’ ಎನ್ನಬೇಕು. ಒಮ್ಮೆ ತಪ್ಪಿದರೆ ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತಿತ್ತು. ಜ್ವರ, ಮದುವೆ, ಸಾವು, ಯಾವ ನೆಪವೂ ಅಲ್ಲಿ ನಡೆಯುತ್ತಿರಲಿಲ್ಲ. ಹನ್ನೊಂದು ವರ್ಷ ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ನನ್ನ ಮಗ ಹುಟ್ಟಿದ್ದು ಅಂಥದೊಂದು ಭಾನುವಾರದ ಹಿಂದಿನ ಶುಕ್ರವಾರ. ಭಾನುವಾರ ಬೆಳಕು ಹರಿಯುತ್ತಿದ್ದಂತೆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು, ಹೆರಿಗೆ ವಾರ್ಡಿನ ದಾದಿಯ ಕಣ್ಣು ತಪ್ಪಿಸಿ, ಆಸ್ಪತ್ರೆಗೆ ಹಾಲು ತಂದಿದ್ದ ವ್ಯಾನು ಹತ್ತಿ, ಖಾಲಿ ಕ್ಯಾನುಗಳ ನಡುವೆ ಕುಳಿತು ಅಂಗಳಕ್ಕೆ ಬಂದಿಳಿದೆ. ಗುಮಾಸ್ತರು ನನ್ನ ಹೆಸರು ಕೂಗಿದರು. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅವರು ಎರಡನೆಯ ಬಾರಿ ಕೂಗಿದರು. ಮೂರನೆಯ ಬಾರಿ ಕೂಗುವ ಪದ್ಧತಿ ಇರಲಿಲ್ಲ. ಆಗ ಟವೆಲಿನೊಳಗಿದ್ದ ಮಗು ಅಂಗಳವೇ ಬೆಚ್ಚುವಂತೆ ಚೀರಿತು. ಗುಮಾಸ್ತರು ತಲೆಯೆತ್ತಿ ನೋಡಿ, “ಇದ್ದಾರೆ. ಒಬ್ಬರಲ್ಲ, ಇಬ್ಬರಿದ್ದಾರೆ” ಎಂದು ಗುರುತು ಹಾಕಿಕೊಂಡರು. ಕಾಯುತ್ತಿದ್ದವರೆಲ್ಲ ತಮ್ಮ ತಮ್ಮ ಚಿಂತೆ ಮರೆತು ನಕ್ಕರು.

ಇದನ್ನು ಕೇಳಿ ನಗದೆ ಅಣಕಿಸಿದವಳು ಒಬ್ಬಳೇ, ನನ್ನ ತಂಗಿ. “ಅಕ್ಕಾ, ನಿನಗೆ ಮನೆ ಸಿಗೋಷ್ಟರಲ್ಲಿ ಈ ಕೂಸೇ ದೊಡ್ಡವನಾಗಿ ಮನೆ ಕಟ್ಟಿರ್ತಾನೆ ಬಿಡು” ಎಂದಿದ್ದಳು. ಮನೆ ಸಿಕ್ಕಾಗ ಒಮ್ಮೆ ಬಂದಳು. ನೆಲಮಹಡಿ, ಗೋಡೆಯಾಚೆ ನೀರಿನ ಪಂಪು. “ಅಯ್ಯೋ, ಈ ಗುಂಯ್‌ಗುಟ್ಟೋದರ ಪಕ್ಕ ಹೇಗಿರ್ತೀಯೇ? ನನಗಂತೂ ತಲೆನೋವು ಬಂತು” ಎಂದು ಹೇಳಿ ಹೋದವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅನಂತರ ನಾವು ಭೇಟಿಯಾದದ್ದೆಲ್ಲ ನೆಂಟರ ಮದುವೆಗಳಲ್ಲಿ.

ಅವಳು ಹುಟ್ಟಿದ್ದೇ ಹಾಗೆ. ನಾನು ಎಣ್ಣೆ ಹಚ್ಚಿ, ತಿಕ್ಕಿ, ಬಾಚಿದರೂ ನನ್ನ ಕೂದಲು ಒಣಹುಲ್ಲಿನಂತೆ ನಿಲ್ಲುತ್ತಿತ್ತು. ಅವಳದು ಬಾಚಣಿಗೆ ಮುಟ್ಟದೆಯೇ ಸುರುಳಿ ಸುರುಳಿ. ನಾನು ಬಾಯಿಪಾಠ ಮಾಡಿದ ಪದ್ಯವನ್ನು ಅವಳು ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡು, ಮರುದಿನ ಶಾಲೆಯಲ್ಲಿ ಹೇಳಿ ಬಹುಮಾನ ತರುತ್ತಿದ್ದಳು. ನನಗೆ ಹೊಟ್ಟೆಕಿಚ್ಚು ಎಂದು ಮನೆಯವರು ಹೇಳುತ್ತಿದ್ದರು. ಇತ್ತು. ಬೆವರು ಸುರಿಸಿ ಪಡೆದವರಿಗೆ, ಕೈ ಚಾಚಿದೊಡನೆ ಪಡೆಯುವವರ ಮೇಲೆ ಇನ್ನೇನು ಇರಬೇಕು?

ನನ್ನ ಉದ್ಯೋಗ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು. ಹಗಲೆಲ್ಲ ಅಲ್ಲಿಯೂ ದೀಪದ ಬೆಳಕು, ಸಂಜೆ ಬಂದರೆ ಮನೆಯಲ್ಲಿಯೂ ದೀಪದ ಬೆಳಕು. ನಿವೃತ್ತಳಾದ ಮೇಲೆ ನನಗೆ ಉಳಿದದ್ದು ಒಂದೇ ಆಸೆ: ಬಿಸಿಲು ಬೀಳುವ ಒಂದು ಕೋಣೆ. ಮೂರನೆಯ ಮಹಡಿಯ ಮೂಲೆಮನೆಯಲ್ಲಿ ಅದಿತ್ತು. ಎರಡು ಕಡೆ ಕಿಟಕಿ. ಬೆಳಗಿನ ಬಿಸಿಲು ಒಂದರಿಂದ, ಮಧ್ಯಾಹ್ನದ್ದು ಇನ್ನೊಂದರಿಂದ ಬರುತ್ತಿತ್ತು. ಅಲ್ಲಿದ್ದವರು ದರ್ಜಿ ಮಾಸ್ತರರು, ಸಂಘದ ಅತಿ ಹಳೆಯ ಸದಸ್ಯರು. ನಾನು ಅಂಗಳದಲ್ಲಿ ನಿಂತು ಆ ಕಿಟಕಿಗಳನ್ನು ನೋಡುವುದನ್ನು ಕಂಡು ನಮ್ಮ ಯಜಮಾನರು, “ಅಷ್ಟು ಬಿಸಿಲು ಬೇಕಾದ್ರೆ ಮೆಟ್ಟಿಲ ಮೇಲೆ ಕೂತ್ಕೊಳ್ಳೆ, ಯಾರು ಬೇಡ ಅಂದ್ರು?” ಎನ್ನುತ್ತಿದ್ದರು. ಅವರಿಗೆ ಪಂಪಿನ ಸದ್ದಿಲ್ಲದಿದ್ದರೆ ನಿದ್ದೆಯೇ ಬಾರದು.

ಈಗ ಹಾಜರಿಯ ಕಾಲ ಮುಗಿದಿದೆ. ಹೊರಗಿನವರು ಮೊಬೈಲಿನಲ್ಲಿ ಗುಂಡಿ ಒತ್ತಿ ಅರ್ಜಿ ಹಾಕುತ್ತಾರೆ, ಲಾಟರಿ ಎತ್ತುತ್ತಾರೆ. ಒಳಗಿದ್ದು ಮನೆ ಬದಲಿಸಬೇಕೆನ್ನುವವರಿಗೆ ಬೇರೆ ಪಟ್ಟಿ. ಖಾಲಿಯಾದ ಒಂದು ಮನೆ ಒಳಗಿನವರಿಗೆ ಹೋದರೆ, ಮುಂದಿನದು ಲಾಟರಿಗೆ. ಕಳೆದ ಮನೆ ಒಳಪಟ್ಟಿಯಲ್ಲಿ ನನಗಿಂತ ಮುಂದಿದ್ದ ಹಾರ್ನ್ ಮಾಮನಿಗೆ ಹೋಯಿತು. ಬಸ್ಸು ಓಡಿಸಿ ನಿವೃತ್ತನಾದ ಆತ ಮಾತಿನ ಮಧ್ಯೆ ಹಾರ್ನಿನಂತೆ ಗಂಟಲು ಸರಿಪಡಿಸುವುದರಿಂದ ಮಕ್ಕಳು ಇಟ್ಟ ಹೆಸರದು. ಈಗ ಪಟ್ಟಿಯ ಮೊದಲಿನವಳು ನಾನು. ಅಷ್ಟರಲ್ಲೇ ದರ್ಜಿ ಮಾಸ್ತರರು ಮಗಳ ಮನೆಗೆ ಹೊರಟು ನಿಂತರು, ಮೂಲೆಮನೆ ಖಾಲಿಯಾಯಿತು. ಸರದಿ ಮಾತ್ರ ಲಾಟರಿಯದು.

ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸಹಿಸುತ್ತಿದ್ದೆನೇನೋ. ಆದರೆ ನಮ್ಮಲ್ಲಿ ಚೀಟಿ ಎತ್ತುವ ಗೌರವ ಅತಿ ಹಳೆಯ ಸದಸ್ಯರದು. ಮಾಸ್ತರರು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ನಾನು ಹಂಬಲಿಸಿದ ಮನೆಯನ್ನು ನನ್ನ ಕೈಯಿಂದಲೇ ಯಾರೋ ದಾರಿಹೋಕರಿಗೆ ಎತ್ತಿ ಕೊಡಬೇಕು.

ಇದರ ಜೊತೆ ಇನ್ನೊಂದು ಪದ್ಧತಿಯಿದೆ. ಚೀಟಿ ಎತ್ತಿ, ಹೆಸರು ಓದಿಸಿದ ಬಳಿಕ, ಎತ್ತಿದವರು ಎಲ್ಲರೆದುರು ನಿಂತು, “ಈ ಚೀಟಿ ನನ್ನದಲ್ಲ, ನನ್ನವರದಲ್ಲ” ಎಂದು ಗಟ್ಟಿಯಾಗಿ ಹೇಳಬೇಕು. ಹೇಳಲಾಗದಿದ್ದರೆ ಆ ಸಲದ ಲಾಟರಿ ರದ್ದಾಗಿ, ಮನೆ ಒಳಪಟ್ಟಿಯ ಮೊದಲಿನವರಿಗೆ ಹೋಗುತ್ತದೆ. ಮಾಸ್ತರರು ಇದನ್ನು ಬಟ್ಟೆಯ ಅಳತೆ ಓದಿದಂತೆ ನೀರಸವಾಗಿ ಹೇಳಿ ಮುಗಿಸುತ್ತಿದ್ದರು. ಅದು ಸುಳ್ಳಾಗಬಹುದೆಂದು ಯಾರೂ ಯೋಚಿಸಿದ್ದಿಲ್ಲ.

ಆ ಭಾನುವಾರ ಅಂಗಳ ತುಂಬಿತ್ತು. ಕೆಟ್ಟುಹೋದ ಸಾಮೂಹಿಕ ಬಟ್ಟೆಯಂತ್ರದ ಡ್ರಮ್ಮನ್ನು ಬಿಚ್ಚಿ, ಕಬ್ಬಿಣದ ಕಾಲುಗಳ ಮೇಲೆ ಕೂರಿಸಿ, ಹಿಡಿ ಜೋಡಿಸಿ ಮಾಡಿದ ಲಾಟರಿ ಪೆಟ್ಟಿಗೆ ನಮ್ಮದು. ಕಾರ್ಯದರ್ಶಿ, ಕನ್ನಡಕದ ಅಂಗಡಿಯ ಹುಡುಗ, ಹಿಡಿ ತಿರುಗಿಸಿದ. ಚೀಟಿಗಳನ್ನು ತುಂಬಿದ ಪ್ಲಾಸ್ಟಿಕ್ ಚೆಂಡುಗಳು ಗಡಗಡನೆ ಉರುಳಿದವು.

“ಹಾಕಿ ಅಮ್ಮಾ ಕೈ. ಒಳಗಡೆ ಹಾವೇನೂ ಇಲ್ಲ” ಎಂದ.

“ಹಾವಿದ್ರೆ ಅದಕ್ಕೇ ಭಯ, ಬಿಡಪ್ಪಾ” ಎಂದು ಹಿಂದಿನಿಂದ ಹಾರ್ನ್ ಮಾಮ ಕೆಮ್ಮಿದ.

ಒಂದು ಚೆಂಡನ್ನು ಹಿಡಿದೆ, ಬಿಟ್ಟೆ, ಇನ್ನೊಂದನ್ನು ಹಿಡಿದು ಹೊರಗೆ ತೆಗೆದೆ. ಕಾರ್ಯದರ್ಶಿ ಅದನ್ನು ತೆರೆದು ಹೆಸರು ಓದಿದ.

ಅದು ನನ್ನ ತಂಗಿಯ ಹೆಸರು.

ಗಂಡನ ಮನೆತನದ ಹೆಸರೂ ಸೇರಿಕೊಂಡಿದ್ದುದರಿಂದ ಬೇರೆ ಯಾರಿಗೂ ಏನೂ ಹೊಳೆಯಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ತಲೆ ಮೇಲೆದ್ದಿತು. ನರೆತಿದ್ದರೂ ಸುರುಳಿ ಬಿಟ್ಟಿರಲಿಲ್ಲ ಆ ಕೂದಲು. ಪಕ್ಕದಲ್ಲಿ ಅವಳ ಮೊಮ್ಮಗಳು, ಹತ್ತರ ಆಸುಪಾಸಿನ ಹುಡುಗಿ, ಕೈಯಲ್ಲಿ ಮೊಬೈಲು. ತಂಗಿಯ ಸಂಗತಿ ನನಗೆ ಗೊತ್ತಿಲ್ಲದ್ದಲ್ಲ. ಗಂಡ ತೀರಿಕೊಂಡಿದ್ದಾನೆ, ರಾತ್ರಿಪಾಳಿಯ ಮಗಳು ಹಾಗೂ ಈ ಮೊಮ್ಮಗಳ ಜೊತೆ ಗ್ಯಾರೇಜಿನ ಮೇಲಣ ಒಂದೂವರೆ ಕೋಣೆಯಲ್ಲಿದ್ದಾಳೆ, ಮಾಲೀಕರು ಅದನ್ನೂ ಖಾಲಿ ಮಾಡಿ ಎಂದಿದ್ದಾರೆ. ನೆಂಟರ ಬಾಯಿಂದ ಕೇಳಿದ್ದೆ, ‘ಪಾಪ’ ಎಂದೂ ಅಂದಿದ್ದೆ. ಪಾಪ ಎನ್ನುವುದು ಬೇರೆ, ಮೂಲೆಮನೆ ಬೇರೆ.

“ಅಮ್ಮಾ, ಹೇಳಿಬಿಡಿ” ಎಂದ ಕಾರ್ಯದರ್ಶಿ.

ಎಲ್ಲರೂ ನನ್ನತ್ತ ನೋಡಿದರು. ‘ಈಕೆ ನನ್ನ ತಂಗಿ’ ಎಂದುಬಿಟ್ಟರೆ ಸಾಕಿತ್ತು. ಅದು ಸತ್ಯ. ಸತ್ಯ ಹೇಳಿದ ಹೊಗಳಿಕೆಯೂ ನನಗೆ, ಬಿಸಿಲೂ ನನಗೆ. ಎರಡು ಕಿಟಕಿಗಳೂ ನನ್ನ ಕಣ್ಣೆದುರು ಬಂದು ತೆರೆದುಕೊಂಡವು. ಸಂಬಂಧ ಹೇಳಿ ಅವಳ ಮನೆ ಕಿತ್ತುಕೊಳ್ಳಬೇಕು, ಇಲ್ಲವೇ ಸಂಬಂಧ ಅಲ್ಲಗಳೆದು ಕೊಡಬೇಕು, ಮೂರನೆಯ ದಾರಿಯಿರಲಿಲ್ಲ.

ತಂಗಿ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಾಗಿದ್ದರೆ ನಾನೇನು ಮಾಡುತ್ತಿದ್ದೆನೋ ಹೇಳಲಾರೆ. ಅವಳು ನಕ್ಕಳು. ಬಹುಮಾನದ ತಟ್ಟೆ ಹಿಡಿದು ಶಾಲೆಯಿಂದ ಬರುವಾಗ ನಗುತ್ತಿದ್ದಳಲ್ಲ, ಅದೇ ನಗೆ: ‘ನೋಡು, ಹೇಗೋ ಬಂತು’ ಎನ್ನುವಂಥದು. ನನ್ನ ಒಳಗೆಲ್ಲ ಉರಿ ಹತ್ತಿತು. ಹನ್ನೊಂದು ವರ್ಷದ ಭಾನುವಾರಗಳು, ಹಾಲಿನ ಕ್ಯಾನುಗಳು, ಪಂಪಿನ ಪಕ್ಕದ ನನ್ನ ಹಾಸಿಗೆ, ಎಲ್ಲ ಒಟ್ಟಿಗೆ ನೆನಪಾದವು. ಇಂಥವಳು ನನ್ನವಳೇ? ಎಂದು ನನ್ನವಳಾಗಿದ್ದಳು?

“ಈ ಚೀಟಿ ನನ್ನದಲ್ಲ,” ಎಂದೆ. ನನ್ನ ದನಿ ಅಂಗಳದ ಗೋಡೆಗೆ ಬಡಿದು ಬಂತು. “ನನ್ನವರದಲ್ಲ! ನನ್ನವರದು ಅಲ್ಲವೇ ಅಲ್ಲ!”

“ಒಂದ್ಸಲ ಹೇಳಿದ್ರೆ ಸಾಕು ಅಮ್ಮಾ” ಎಂದು ಕಾರ್ಯದರ್ಶಿ ಬೆಚ್ಚಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಮನೆ ಅವಳದಾಯಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಯಜಮಾನರು, “ಇಷ್ಟು ದೊಡ್ಡ ಮನಸ್ಸು ಯಾವಾಗ ಬಂತೇ ನಿನಗೆ?” ಎಂದರು.

“ಮನಸ್ಸಲ್ಲ ರೀ, ಸಿಟ್ಟು.”

“ಇರ್ಲಿ ಬಿಡು. ಕೆಲಸ ಒಂದೇ ಆಯ್ತಲ್ಲ” ಎಂದು ಪಂಪಿನ ಕಡೆಯ ಗೋಡೆಗೆ ದಿಂಬು ಒರಗಿಸಿ ಮಲಗಿದರು.

ತಂಗಿ ಸಾಮಾನು ಸಾಗಿಸಿದ ದಿನ ನಾನು ಹೊರಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದಾಗ ಎರಡೂ ಕಿಟಕಿಗಳಲ್ಲಿ ಕೌದಿಗಳು ಬಿಸಿಲು ಕಾಯುತ್ತಿದ್ದವು. ಅವಳ ಕೌದಿಗೂ ಬಿಸಿಲು! ನಾನು ಹಿಂದಿರುಗಿ ದೀಪ ಹಾಕಿಕೊಂಡು ಕುಳಿತೆ. ಹೊತ್ತೇರಿದ ಮೇಲೆ ಅವಳೇ ಬಂದಳು, ಅಷ್ಟು ವರ್ಷಗಳ ಬಳಿಕ ನನ್ನ ಹೊಸ್ತಿಲಿಗೆ. ಒಳಬಂದು ಬಾಗಿಲು ಮುಚ್ಚಿದಳು.

“ನನ್ನವರಲ್ಲ ಅಂದೆಯಲ್ಲಕ್ಕಾ.”

“ಹೌದು, ಅಂದೆ.”

“ಮನಸಾರೆ ಅಂದೆ. ನನಗೆ ಕೇಳಿಸ್ತು.”

“ಕೇಳಿಸಲಿ ಅಂತಲೇ ಅಂದದ್ದು.”

ಅವಳ ಕಣ್ಣು ತುಂಬಿತು, ಆದರೆ ಬಾಯಿ ಸುಮ್ಮನಿರಲಿಲ್ಲ. “ನೀನೇ ಚೀಟಿ ಎತ್ತುತೀಯ ಅಂತ ಆಣೆಗೂ ಗೊತ್ತಿರಲಿಲ್ಲ ಕಣೆ. ಆ ಪೋರಿ ಮೊಬೈಲಲ್ಲಿ ಒತ್ತಿಬಿಟ್ಟಿದ್ಲು. ನಿನ್ನ ಕಂಡಾಗ ಹೆದರಿಕೆಗೆ ನಗು ಬಂತು. ನನಗೆ ಹೆದರಿಕೆಯಾದ್ರೆ ನಗುನೇ ಬರೋದು, ನಿನಗೆ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಶಾಲೆಯಿಂದ ಬರುವಾಗಿನ ಆ ನಗೆಯೂ ಹಾಗೆಯೇ ಇತ್ತೇ ಎಂದು ಕೇಳಲು ನಾನು ಹೋಗಲಿಲ್ಲ. ಅಷ್ಟು ವರ್ಷ ಜೋಪಾನ ಮಾಡಿದ ಹೊಟ್ಟೆಕಿಚ್ಚನ್ನು ಒಂದು ಮಾತಿಗೆ ಆರಿಸಿಕೊಳ್ಳುವಷ್ಟು ಅಗ್ಗದವಳಲ್ಲ ನಾನು.

ಈಗ ನಾವು ಮೆಟ್ಟಿಲ ಮೇಲೆ ಎದುರಾದರೆ ಪರಕೀಯರು. “ಚೆನ್ನಾಗಿದೀರಾ ರೀ?” ಎನ್ನುತ್ತಾಳೆ ಅವಳು. “ಚೆನ್ನಾಗಿದೀನಿ ಕಣ್ರೀ” ಎನ್ನುತ್ತೇನೆ ನಾನು. ಹಾರ್ನ್ ಮಾಮ ಒಮ್ಮೆ ಇಬ್ಬರನ್ನೂ ನೋಡಿ, “ನಿಮ್ಮಿಬ್ಬರ ಮೂಗೂ ಒಂದೇ ಅಚ್ಚಿನದಲ್ಲ!” ಎಂದ. “ಮೂಗಿಗೂ ಲಾಟರಿ ಇಟ್ಟಿದ್ರೇನೋ” ಎಂದು ತಂಗಿ ಸರಸರ ಮೇಲೆ ಹತ್ತಿದಳು.

ಅವಳ ಮೊಮ್ಮಗಳಿಗೂ ಈ ಆಟ ಕಲಿಸಿದ್ದಾರೆ. ಅಂಗಳದಲ್ಲಿ ನನ್ನನ್ನು ‘ಆಂಟಿ’ ಎನ್ನುತ್ತಾಳೆ. ಒಳಗೆ ಬಂದು ಬಾಗಿಲು ಮುಚ್ಚಿದೊಡನೆ ‘ದೊಡ್ಡಜ್ಜಿ’. ಶಾಲೆ ಬಿಟ್ಟೊಡನೆ ಆ ಬಿಸಿಲಿನ ಮನೆ ಬಿಟ್ಟು ಪಂಪಿನ ಪಕ್ಕ ಬಂದು ಕೂರುತ್ತಾಳೆ. ನಿನ್ನೆ ಕೇಳಿದೆ: “ಮೇಲೆ ಅಷ್ಟು ಚೆಂದದ ಮನೆಯಿದೆ. ಇಲ್ಲೇನೇ ಇದೆ?”

“ಅಜ್ಜಿ ಹತ್ರ ಕಥೆನೇ ಇಲ್ಲ ದೊಡ್ಡಜ್ಜಿ. ಮನೆ ಹೇಗೆ ಸಿಕ್ತು ಅಂದ್ರೆ, ನೀನು ಒತ್ತಿದೆ, ಸಿಕ್ತು ಅಂತಾರೆ. ಅಷ್ಟೇ.” ಕಾಲು ಮಡಿಸಿ ಕುಳಿತು ದನಿ ತಗ್ಗಿಸಿದಳು. “ನಿಮ್ಮ ಕಥೆ ಹೇಳಿದ್ರೆ ಅಜ್ಜಿಗೆ ಸಿಟ್ಟು ಬರುತ್ತೆ. ‘ನಮ್ಮಕ್ಕಂಗೆ ಮೊದಲಿಂದ್ಲೂ ಹಾಗೇ, ಎಲ್ಲರೂ ಅವಳ ಕಥೆನೇ ಕೇಳೋದು’ ಅಂತಾರೆ.”

ನಾನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೆ. ಮೇಲೆ ಅವಳಿಗೆ ಎರಡು ಕಿಟಕಿ, ದಿನವಿಡೀ ಬಿಸಿಲು, ಕೌದಿಗೂ ಬಿಸಿಲು. ಆದರೂ ಅವಳಿಗೆ ಉರಿ. ಅದೂ ನನ್ನ ಮೇಲೆ! ಬಹಳ ದಿನಗಳ ಮೇಲೆ ನನಗೆ ಮೈಯೆಲ್ಲ ಬೆಚ್ಚಗಾಯಿತು.

ಗೋಡೆಯಾಚೆ ಪಂಪು ಗುಂಯ್ ಎಂದಿತು. ಹುಡುಗಿ ನನ್ನ ಮೊಣಕಾಲು ಅಲುಗಿಸಿದಳು.

“ದೊಡ್ಡಜ್ಜಿ, ಆ ಹಾಲಿನ ವ್ಯಾನಿಂದು ಇನ್ನೊಂದ್ಸಲ ಹೇಳಿ. ಮಗು ಚೀರೋವಾಗ ನಾನು ಚೀರ್ತೀನಿ, ಮೇಲಕ್ಕೆ ಕೇಳಿಸೋ ಹಾಗೆ.”