ಹನುಮಂತಪ್ಪನ ಎಡೆ

ಯುದ್ಧದ ಸಿನಿಮಾ ಮಾಡುತ್ತೇನೆ ಎಂದರೆ ಜನ ಮೊದಲು ಕೇಳುವುದು ಒಂದೇ ಮಾತು: "ಫೈಟಿಂಗ್ ಐತಾ?" ಇಲ್ಲ ಸ್ವಾಮಿ, ಇಲ್ಲ. ನನ್ನ ಸಿನಿಮಾದಲ್ಲಿ ಮುದುಕರು ಗೋಡೆಗೆ ಒರಗಿ ಕೂತು ಮಾತಾಡುತ್ತಾರೆ, ಕೆಮ್ಮುತ್ತಾರೆ, ಮರೆತದ್ದನ್ನು ನೆನೆಸಿಕೊಳ್ಳಲು ಬೀಡಿ ಹಚ್ಚುತ್ತಾರೆ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಹಿಡಿದ ಕಸುಬು ಇದು. ನನ್ನೂರು ಜಗಳೂರಿನ ಟೆಂಟಿನಲ್ಲಿ ಒಮ್ಮೆ ತೋರಿಸಿದಾಗ ಅರ್ಧಕ್ಕೇ, "ಗಾದ್ರಪ್ಪಣ್ಣ, ಹೀರೋ ಯಾವಾಗ ಬರ್ತಾನೆ?" ಎಂದು ಕೂಗಿದರು. ಚನ್ನಗಿರಿ ಕೋಟೆಯ ಕಾಳಗದ ಬಗ್ಗೆ ತೆಗೆದದ್ದನ್ನು ಅದೇ ಊರಿನ ಶಾಲೆಯಲ್ಲಿ ತೋರಿಸಿದರೆ ಹೆಡ್‌ಮಾಸ್ತರು ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದರು. ಆ ಗೊರಕೆಗೆ ಮಕ್ಕಳು ಚಪ್ಪಾಳೆ ತಟ್ಟಿದರು.

ಎಂಬತ್ತೈದನೇ ಇಸವಿಗೆ ಬರುವಷ್ಟರಲ್ಲಿ ನಾನು ಸೋತು ಸುಣ್ಣವಾಗಿದ್ದೆ. ಆಗ ಬೆಂಗಳೂರಿನ ಒಬ್ಬ ಸಾಹೇಬರು ಹೇಳಿ ಕಳಿಸಿದರು. ಎರಡನೇ ಮಹಾಯುದ್ಧ ಮುಗಿದು ನಲವತ್ತು ವರ್ಷವಾಯಿತಲ್ಲ, ಬರ್ಮಾದಲ್ಲಿದ್ದ ನಮ್ಮ ಸಿಪಾಯಿಯ ಬಗ್ಗೆ ಒಂದು ಚಿತ್ರ ಬೇಕು, ಟೀವಿಯಲ್ಲಿ ಹಾಕುತ್ತೇವೆ. ಒಂದೇ ಷರತ್ತು. ಸಿಪಾಯಿ ಕ್ಯಾಮೆರಾ ನೋಡಿ "ನಾನು ಇಂಥವನು, ನಾನು ಅಲ್ಲಿದ್ದೆ" ಎಂದು ತನ್ನ ಬಾಯಿಂದಲೇ ಹೇಳಬೇಕು. ಮಗ, ಮೊಮ್ಮಗ, ನೆರೆಮನೆಯವನು ಹೇಳಿದರೆ ನಡೆಯುವುದಿಲ್ಲ. ಇದೂ ಕೈಕೊಟ್ಟರೆ ಕ್ಯಾಮೆರಾ ಮಾರಿ ಮದುವೆ ವಿಡಿಯೋಗೆ ಇಳಿಯುವುದೆಂದು ನಾನು ತೀರ್ಮಾನಿಸಿಬಿಟ್ಟೆ. ಮದುವೆ ಮನೆಯಲ್ಲಿ ಊಟವಾದರೂ ಹಾಕುತ್ತಾರೆ.

ಸವಳಂಗದ ಒಬ್ಬ ಮಾಜಿ ಸಿಪಾಯಿ ದಾರಿ ತೋರಿಸಿದ. "ಗೋವಿನಕೋವಿ ಹನುಮಂತಪ್ಪ ಅಂತಿದ್ದ. ಬರ್ಮಾದಾಗೆ ಹೇಸರಗತ್ತೆ ಹೊಡೀತಿದ್ನಂತೆ. ನಾನು ಆ ಕಡೆ ಹೋದೋನಲ್ಲ. ಬದುಕಿದಾನೋ ಇಲ್ಲೋ, ಹೋಗಿ ನೋಡ್ರಿ." ಚನ್ನಗಿರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಧರ್ಮಪ್ಪ ಟೇಪ್‌ರೆಕಾರ್ಡರ್ ಹೊತ್ತುಕೊಂಡ, ನಾನು ಕ್ಯಾಮೆರಾ ಹೊತ್ತುಕೊಂಡೆ. ಹೊನ್ನಾಳಿಗೊಂದು ಬಸ್ಸು, ಅಲ್ಲಿಂದ ಇನ್ನೊಂದು. ಬಸ್ಸಿನ ಧೂಳು ಕುಡಿಯುತ್ತಾ ಧರ್ಮಪ್ಪ, "ನೀನು ಸತ್ತ ಮೇಲೆ ನಿನ್ನ ಮೇಲೂ ಒಂದು ಸಿನಿಮಾ ಮಾಡ್ತೀನಿ ಬಿಡು, ಬರೀ ಬಸ್ ಸ್ಟ್ಯಾಂಡೇ ತೋರಿಸ್ತೀನಿ" ಎಂದ. ನಗಲೂ ನನಗೆ ಬೇಸರವಾಗಿತ್ತು.

ಹನುಮಂತಪ್ಪನ ಮನೆ ಸಿಕ್ಕಿತು. ಒಳಗೆ ಕಾಲಿಟ್ಟವನು ಹಣೆ ಚಚ್ಚಿಕೊಂಡೆ. ಗೋಡೆಯ ಮೇಲೆ ಸಿಪಾಯಿ ಟೋಪಿಯ ಹುಡುಗನ ಫೋಟೋ, ಅದಕ್ಕೆ ಕುಂಕುಮ, ಹಾರ. ಸತ್ತುಹೋಗಿದ್ದಾನೆ! ಫೋಟೋದ ಕೆಳಗೆ ಹಗ್ಗ ಹೊಸೆಯುತ್ತಾ ಕೂತಿದ್ದ ಮುದುಕನಿಗೆ, "ಯಜಮಾನ್ರೆ, ಹನುಮಂತಪ್ಪನವರು ತೀರಿಕೊಂಡು ಎಷ್ಟು ಕಾಲ ಆತು?" ಎಂದು ಕೇಳಿದೆ.

"ಬಾಳ ವರ್ಷ ಆತು. ಯುದ್ಧದಾಗೇ ಹೋದ."

ಅವನು ತಲೆ ಎತ್ತಿದ. ಫೋಟೋದ ಹುಡುಗನ ಎಡಹುಬ್ಬಿನ ಮೇಲೊಂದು ಗಾಯದ ಗೆರೆ ಇತ್ತು. ಮುದುಕನ ಹುಬ್ಬಿನ ಮೇಲೂ ಅದೇ ಗೆರೆ. ಧರ್ಮಪ್ಪ ನನ್ನ ಪಕ್ಕೆಗೆ ತಿವಿದ.

"ಫೋಟೋದಾಗಿರೋರು ನೀವೇ ಅಲ್ಲೇನ್ರಿ?" ಎಂದೆ.

ಅಡಿಗೆಮನೆಯಿಂದ ಅವನ ಹೆಂಡತಿ ಉಡಚಮ್ಮ ಸರ್ರನೆ ಬಂದಳು. "ಇವರ ಹೆಸರು ತಿಪ್ಪೇಶಪ್ಪ. ಆ ಹೆಸರು ಈ ಮನೇಲಿ ಎತ್ತಬ್ಯಾಡ್ರಿ."

ವಿಷಯ ಬಿಡಿಸಿ ಹೇಳಿಸಲು ನಾವು ಎರಡು ಸಲ ಚಹಾ ಕುಡಿಯಬೇಕಾಯಿತು. ಯುದ್ಧದ ನಡುವೆ ಹನುಮಂತಪ್ಪ ಸತ್ತನೆಂದು ಸರ್ಕಾರದ ತಂತಿ ಬಂದಿತ್ತು. ಹೆಣ ಸಿಗಲಿಲ್ಲ, ಹಾಗಾಗಿ ಜೋಳದ ದಂಟಿನ ಬೊಂಬೆ ಕಟ್ಟಿ ಮಣ್ಣು ಮಾಡಿದರು. ಉಡಚಮ್ಮನ ಬಳೆ ಒಡೆದರು. ಯುದ್ಧ ಮುಗಿದ ಮೇಲೆ ಒಂದು ದಿನ ಹನುಮಂತಪ್ಪ ಅಂಗಳದಲ್ಲಿ ಬಂದು ನಿಂತ. ಕರ್ಮ ಮುಗಿದವನು ಹೊಸ್ತಿಲು ದಾಟಿ ಬಂದರೆ ಹಿಂದೆಯೇ ಸಾವೂ ಬರುತ್ತದೆಂದು ಅವನ ತಾಯಿ ದೊಡ್ಡಕ್ಕ ಬಾಗಿಲಿಗೆ ಅಡ್ಡ ಕೂತಳು. ಹಿರಿಯರು ಸೇರಿ ತೀರ್ಮಾನ ಮಾಡಿದರು: ಇವನು ಹೊಸದಾಗಿ ಹುಟ್ಟಬೇಕು. ಹೆಂಚು ತೆಗೆದು ಮಾಡಿನಿಂದ ಮನೆಯೊಳಗೆ ಇಳಿಸಿದರು. ಮೀಸೆ ಬಂದ ಗಂಡಸನ್ನು ಮೊರದ ಮೇಲೆ ಕೂರಿಸಿ ಎಣ್ಣೆ ನೆಕ್ಕಿಸಿದರು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವಿಗೆ ಅಸಹ್ಯವಾಗಲಿ ಎಂದು ತಿಪ್ಪೇಶ ಎಂದು ಹೆಸರಿಡುತ್ತಾರಲ್ಲ, ಇವನನ್ನೂ ಹಾಗೇ ಹೊರಳಿಸಿ ಹೆಸರಿಟ್ಟರು. ಆಮೇಲೆ ಉಡಚಮ್ಮನಿಗೆ ಮತ್ತೆ ತಾಳಿ ಕಟ್ಟಿಸಿದರು.

"ಹಿರೇರ ಹಬ್ಬಕ್ಕೆ ಹನುಮಂತಪ್ಪನಿಗೆ ಎಡೆ ಇಡ್ತೀವಿ. ಕಾಯಿ ಒಡೆಯೋನು ನಾನೇ," ಎಂದ ತಿಪ್ಪೇಶಪ್ಪ, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

ನನಗೆ ಮೈಯೆಲ್ಲ ಉರಿಯಿತು. ಎಷ್ಟೋ ವರ್ಷ ಅಲೆದು ಒಬ್ಬ ಬರ್ಮಾದ ಸಿಪಾಯಿ ಸಿಕ್ಕರೆ ಅವನು ತನ್ನ ಎಡೆಗೆ ತಾನೇ ಕಾಯಿ ಒಡೆಯುತ್ತಾ ಕೂತಿದ್ದಾನೆ! "ಅಮ್ಮಾ, 'ನಾನೇ ಹನುಮಂತಪ್ಪ' ಅಂತ ಇವರು ಒಂದು ಮಾತು ಹೇಳಿದರೆ ಸಾಕು. ನನ್ನ ಬದುಕೇ ಅದರ ಮೇಲೆ ನಿಂತೈತೆ" ಎಂದು ಕೈಮುಗಿದೆ. ನಾಚಿಕೆ ಯಾವತ್ತೋ ಬಿಟ್ಟುಹೋಗಿತ್ತು.

"ನಿನ್ನ ಬದುಕು ನಿನಗೆ, ನನ್ನ ಗಂಡ ನನಗೆ, ತಮ್ಮಾ. ಅವರು 'ನಾನು' ಅಂದ್ರೆ ಅವತ್ತು ದಾರಿ ತಪ್ಪಿದ ಸಾವಿಗೆ ಇವತ್ತು ಮನೆ ಗೊತ್ತಾಗ್ತೈತೆ. ಒಂದು ಸಲ ಬಳೆ ಒಡಕೊಂಡೀನಿ ನಾನು. ಸಾಕು."

ತಿಪ್ಪೇಶಪ್ಪ ಹಗ್ಗ ಕೆಳಗಿಟ್ಟ. "ಈ ವಯಸ್ಸಿಗೆ ಸಾವಿಗೆ ನಾವು ದಾರಿ ತೋರಿಸ್ಬೇಕಾ? ಅದಕ್ಕೇ ಗೊತ್ತೈತೆ ಬಿಡು."

ಬಹಳ ಹೊತ್ತು ಜಗ್ಗಾಡಿದ ಮೇಲೆ ಉಡಚಮ್ಮ ಒಪ್ಪಿದಳು. ಆ ಮಾತು ಒಂದೇ ಸಲ, ಕಟ್ಟಕಡೆಗೆ, ಅದೂ ಮನೆಯಿಂದ ದೂರ, ಹೊಳೆ ದಂಡೆಯಲ್ಲಿ. ಉಳಿದದ್ದೆಲ್ಲ ಸತ್ತವನ ಕಥೆಯಾಗಿ ಹೇಳಬೇಕು. ಬೇವಿನ ಸೊಪ್ಪು ಹಿಡಿದುಕೊಂಡು ತಾನೂ ಬಂದಳು, ಕಾವಲಿಗೆ.

ನನ್ನದು ಕೀಲಿ ಕೊಡುವ ಕ್ಯಾಮೆರಾ. ಒಮ್ಮೆ ತಿರುವಿದರೆ ಅರ್ಧ ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ತಿರುವಬೇಕು. ರೀಲುಗಳಲ್ಲಿ ಕೊನೆಯದರ ತುದಿಯನ್ನು ಆ ಒಂದು ಮಾತಿಗೆಂದೇ ಮೀಸಲಿಟ್ಟೆ. ಹೊಸ ರೀಲು ತರುವ ತಾಕತ್ತು ನನಗಿರಲಿಲ್ಲ.

ಹೊಳೆ ದಂಡೆಯ ಕಲ್ಲಿನ ಮೇಲೆ ಕೂತು ತಿಪ್ಪೇಶಪ್ಪ ಶುರುಮಾಡಿದ. "ಹನುಮಂತಪ್ಪ ಪಾಪದವನು. ಹೇಸರಗತ್ತೆ ಮೇಲೆ ಮದ್ದುಗುಂಡು ಹೇರ್ಕೊಂಡು ಗುಡ್ಡ ಹತ್ತೋನು. ಬೂಟಿನ ಒಳಗೆ ಜಿಗಣೆ, ಊಟಕ್ಕೆ ಹಸಿ ಅಕ್ಕಿ. ಹೊಳೆ ದಾಟೋವಾಗ ಮೇಲಿಂದ ಬಾಂಬು ಬಿತ್ತು. ಅರ್ಧ ಪಲ್ಟನ್ನು ನೀರಿನಾಗೇ ಹೋತು. ಇವನು ಕತ್ತೆ ಬಾಲ ಹಿಡಕೊಂಡು ತೇಲಿಹೋಗಿ ಯಾವುದೋ ಹಳ್ಳಿ ಸೇರ್ದ. ಪಲ್ಟನ್ನೋರು ಸತ್ತ ಅಂತ ಬರಕೊಂಡ್ರು." ಇಷ್ಟು ಚೆನ್ನಾಗಿ ಮಾತಾಡಿದ ಸಿಪಾಯಿಯನ್ನು ನಾನು ಕಂಡಿರಲಿಲ್ಲ. ಬೇರೆಯವರು ತಮ್ಮ ಶೌರ್ಯ ಹೇಳಿಕೊಂಡು ಬೇಸರ ಹಿಡಿಸುತ್ತಿದ್ದರು. ಇವನು ಒಬ್ಬ ಹುಡುಗನಿಗಾಗಿ ಮರುಗುತ್ತಿದ್ದ.

ಕೊನೆಯ ತುದಿ ಉಳಿಯಿತು. ಕೀಲಿ ತಿರುವಿದೆ. "ಈಗ ಹೇಳ್ರಿ ಯಜಮಾನ್ರೆ, ಆ ಮಾತು" ಎಂದು ಗುಂಡಿ ಒತ್ತಿದೆ.

ಅವನು ಬಾಯಿ ತೆರೆಯುವ ಮೊದಲೇ ಉಡಚಮ್ಮ ಕೇಳಿದಳು: "ಆ ಹನುಮಂತಪ್ಪನೋರು... ಅಲ್ಲಿ ನನ್ನ ನೆನೆಸ್ತಿದ್ರಾ?"

ತಡೆಯಬೇಕಿತ್ತು. "ಸ್ವಲ್ಪ ಸುಮ್ನಿರಮ್ಮ" ಎಂದರೆ ಮುಗಿದಿತ್ತು. ಆದರೆ ಅವಳ ಮುಖ ನೋಡಿದೆ, ಕ್ಯಾಮೆರಾ ಆ ಕಡೆ ತಿರುಗಿಸಿದೆ. ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಳ್ಳುತ್ತಿದ್ದೇನೆಂದು ಗೊತ್ತಿದ್ದೇ ತಿರುಗಿಸಿದೆ. ಇಷ್ಟು ವರ್ಷ ಯುದ್ಧ ಎಂದು ನಾನು ಹುಡುಕಿದ್ದು ಆ ಮುಖದಲ್ಲಿತ್ತು.

"ನೆನೆಸ್ತಿದ್ನಾ ಅಂದ್ರೆ?" ತಿಪ್ಪೇಶಪ್ಪ ನೀರು ನೋಡುತ್ತಾ ಹೇಳಿದ. "ನೀನು ಗುರೆಳ್ಳು ಪುಡಿ ಕಟ್ಟಿಕೊಟ್ಟಿದ್ದೆಯಲ್ಲ, ಸೀರೆ ತುಂಡಿನಾಗೆ? ಪುಡಿ ಮುಗಿದ್ರೂ ಬಟ್ಟೆ ಮೂಸಿ ನೋಡೋನು. ಅವನ ಕತ್ತೆಗೆ ಉಡಚಿ ಅಂತ ಹೆಸರಿಟ್ಟಿದ್ದ."

"ಕತ್ತೆಗಾ? ನನ್ನ ಹೆಸರು ಕತ್ತೆಗಾ?"

"ಒದೀತಿತ್ತು ಕೂಡ. ಆದ್ರೆ ಅವನ್ನ ದಡ ಸೇರಿಸಿದ್ದೂ ಅದೇ."

ಉಡಚಮ್ಮ ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಮತ್ತೆ ಇಷ್ಟು ವರ್ಷ ಒಂದ್ಸಲನೂ ಯಾಕೆ ಹೇಳ್ಲಿಲ್ರಿ?"

"ಅವನು ಸತ್ತಿದ್ನಲ್ಲೇ. ಸತ್ತೋನ ಮಾತು ನಾನ್ಹೆಂಗೆ ಹೇಳ್ಲಿ? ನೀನೂ ಕೇಳ್ಲಿಲ್ಲ."

ಕ್ಯಾಮೆರಾದೊಳಗೆ ಫಿಲಂನ ತುದಿ ಪಟಪಟ ಬಡಿದುಕೊಂಡಿತು. ಮುಗಿಯಿತು. ಸಾಹೇಬರೂ ಮುಗಿದರು, ಟೀವಿಯೂ ಮುಗಿಯಿತು. ನನಗೆ ಅಳು ಬರಲಿಲ್ಲ, ಸುಸ್ತಾಯಿತು. ಅಲ್ಲೇ ಮರಳಿನ ಮೇಲೆ ಕುಕ್ಕರಿಸಿದೆ.

ತಿಪ್ಪೇಶಪ್ಪ ಕೊಟ್ಟ ಮಾತು ಮರೆತಿರಲಿಲ್ಲ. ಮೈ ನೆಟ್ಟಗೆ ಮಾಡಿಕೊಂಡು ಕ್ಯಾಮೆರಾ ನೋಡಿದ. "ಈಗ ಹೇಳ್ಲೇನ್ರಿ?"

"ರೀಲು ಖಾಲಿಯಾತು ಯಜಮಾನ್ರೆ. ಬ್ಯಾಡ ಬಿಡ್ರಿ," ಎಂದೆ.

"ಹೇಳ್ರಿ," ಎಂದಳು ಉಡಚಮ್ಮ. ಕೈಯಲ್ಲಿದ್ದ ಬೇವಿನ ಸೊಪ್ಪು ಕೆಳಗೆ ಬಿದ್ದಿತ್ತು. "ಇವರಿಗೆ ಬ್ಯಾಡ. ನನಗೆ ಹೇಳ್ರಿ."

ಧರ್ಮಪ್ಪ, ಯಾರೂ ಹೇಳದೆಯೇ, ಟೇಪಿನ ಗುಂಡಿ ಒತ್ತಿ ನಿಲ್ಲಿಸಿದ.

ಮುದುಕ ಎದ್ದು ನಿಂತ. ಒಮ್ಮೆ ಊರಿನ ಕಡೆ ನೋಡಿದ, ಆಮೇಲೆ ಹೆಂಡತಿಯ ಕಡೆ. "ನಾನೇ ಹನುಮಂತಪ್ಪ" ಎಂದ.

ಉಡಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಾವಾಗ ಬಂದ್ರಿ?" ಎಂದು ಕೇಳಿದಳು.

"ಈಗ" ಎಂದ.