ಅಮ್ಮುವನ್ನು ಎತ್ತುವವರು

"ಥೂ, ದರಿದ್ರದವಳೇ! ಬೀಳ್ಲಿಕ್ಕೆ ನಿನಗೆ ನನ್ನ ಅಟ್ಟವೇ ಬೇಕಿತ್ತಾ?"

ಗುಣಪಾಲ ಧನಿಗಳು ಬೈಯುತ್ತಿದ್ದಾಗ ಅಮ್ಮು ಹಿತ್ತಲ ಕೊಟ್ಟಿಗೆಯಲ್ಲಿ, ಅಟ್ಟದಿಂದ ಉರುಳಿದ ತೆಂಗಿನಕಾಯಿಗಳ ನಡುವೆ ಬಿದ್ದಿದ್ದಳು. ಏಣಿಯ ಮೆಟ್ಟಿಲು ಲಡ್ಡಾಗಿದೆ, ಕಾಲಿಟ್ಟರೆ ಮುರಿಯುತ್ತದೆ ಎಂದು ಅವಳೇ ಹೇಳಿದ್ದಳು. ಯಾರು ಕೇಳಬೇಕು?

"ಕಾಲು ಎತ್ತಲಿಕ್ಕೆ ಆಗುದಿಲ್ಲ ಧನಿಗಳೇ. ಆಸ್ಪತ್ರೆಗೆ ಕೊಂಡೋಗಿ. ಅಮ್ಮನಿಗೆ ಮಾಡಿದ್ದನ್ನೇ ಮಾಡಿಸಿ."

ಧನಿಗಳ ತಾಯಿ ವಸುಮತಿ ಅಮ್ಮ ಹೋದ ವರ್ಷ ಬಚ್ಚಲಲ್ಲಿ ಬಿದ್ದಾಗಲೂ ಹೀಗೆಯೇ ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿತ್ತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ, ರಾಡು ಹಾಕಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದ್ದರು. ಮನೆಯಲ್ಲಿ ಅವರ ಹೇಲು ಉಚ್ಚೆ ಬಳಿದವಳು, ಕಂಕುಳಿಗೆ ಕೈಕೊಟ್ಟು ನಡೆಸಿದವಳು ಅಮ್ಮು. ಆಗ ಮೈಲಿಗೆ ಎಲ್ಲಿ ಹೋಗಿತ್ತೋ! ಅಮ್ಮ ನಡೆಯತೊಡಗಿದ ಮೇಲೆ ಅಮ್ಮು ಪುನಃ ಜಗಲಿ ಹತ್ತುವಂತಿರಲಿಲ್ಲ.

"ಆಸ್ಪತ್ರೆಯವರು ಎಲ್ಲಿ ಬಿದ್ದದ್ದು ಅಂತ ಕೇಳ್ತಾರೆ. ಕೇಸು ಆಗ್ತದೆ. ನಿಮಗೆಲ್ಲ ರಾಡು ಎಂತಕ್ಕೆ? ನಿಮ್ಮದು ಗಟ್ಟಿ ಎಲುಬು ಮಾರಾಯ, ಎಣ್ಣೆ ಹಾಕಿ ಕಟ್ಟಿದರೆ ಸಾಕು," ಎಂದು ಧನಿಗಳು ಅಮ್ಮುವಿನ ಗಂಡ ಬಟ್ಯನಿಗೆ ಹೇಳಿದರು. ಗಂಡ ಹೆಂಡತಿಯ ಗುಡಿಸಲಿದ್ದದ್ದು ಧನಿಗಳ ಜಾಗದಲ್ಲಿ. ಬಟ್ಯ ಅಮ್ಮುವನ್ನು ಗುಡಿಸಲಿಗೇ ಹೊತ್ತುಕೊಂಡು ಹೋದ.

ಎಲುಬು ಕಟ್ಟುವವನು ಬಂದು ಬಿದಿರಿನ ಪಟ್ಟಿ ಬಿಗಿದ. ಅಮ್ಮು ಕೂಗಿ ಕೂಗಿ ಸುಸ್ತಾದಳು. ಮಳೆಗಾಲ ಮುಗಿದರೂ ಕಾಲು ನೆಟ್ಟಗಾಗಲಿಲ್ಲ, ಬೆನ್ನಿಗೆ ಹುಣ್ಣಾಯಿತು.

ಆಶಾ ಕಾರ್ಯಕರ್ತೆ ಪಂಕಜಾಕ್ಷಿ ಪಟ್ಟಿ ಬಿಚ್ಚಿ ನೋಡಿ ಅತ್ತುಬಿಟ್ಟಳು. "ಸೊಂಟದ ಹತ್ತಿರ ಮುರಿದದ್ದು, ಇದು ಕಟ್ಟಿ ಕೂರಿಸುವ ಎಲುಬಲ್ಲ ಅಮ್ಮು ಅಕ್ಕ. ಆವಾಗಲೇ ಆಪರೇಷನ್ ಆಗಬೇಕಿತ್ತು. ಈಗ ಬೇರೆ ಕೀಲು ಹಾಕ್ತಾರೋ ಎಂತದೋ, ಡಾಕ್ಟ್ರೇ ಹೇಳಬೇಕು. ನಾಳೆ ಧನಿಗಳ ಗೇಟಿಗೆ ಆಂಬ್ಯುಲೆನ್ಸ್ ಬರ್ಲಿಕ್ಕೆ ಹೇಳ್ತೇನೆ."

"ಗೇಟಿಗೆ ಬೇಡ. ಜಗಲಿಗೆ ಹೇಳಿ," ಎಂದಳು ಅಮ್ಮು.

ಬೆಳಿಗ್ಗೆ ಬಟ್ಯನೂ ನೆರೆಯ ಚೆನ್ನಯ್ಯನೂ ಅವಳನ್ನು ಕಂಬಳಿಯಲ್ಲಿ ಹೊತ್ತು ತಂದರು. ಅಂಗಳದಲ್ಲಿ ಬಟ್ಯನ ಕಾಲು ತಡೆಯಿತು.

"ಜಗಲಿಗೆ ಅಂತ ಹೇಳಿದ್ದಲ್ವಾ ನಿಮಗೆ?" ಕಂಬಳಿಯೊಳಗಿಂದ ಅಮ್ಮು ಗದರಿದಳು.

ಬಟ್ಯ ಜಗಲಿ ಹತ್ತಿದ. ಅಮ್ಮುವನ್ನು ಕೆಂಪು ನೆಲದ ಮೇಲೆ ಮಲಗಿಸಿ ಅಲ್ಲೇ ಕುಳಿತ.

"ಬೇವರ್ಸಿಗಳೇ! ಎಳೆದು ಹಾಕಿ ಇವಳನ್ನು!" ಧನಿಗಳು ಕೂಗಿದರು. ಯಾರು ಎಳೆಯುವುದು? ಮುಟ್ಟಬೇಕಲ್ಲ! ಹೆಂಡತಿ ಪುಷ್ಪಾವತಿ ಸೀರೆ ಎತ್ತಿ ಹಿಡಿದು ಹಿಂದೆ ಸರಿದರು. ಧನಿಗಳೂ ಮುಂದೆ ಬರಲಿಲ್ಲ.

"ಎಲ್ಲಿ ಬಿದ್ದದ್ದು ಅಂತ ಆಸ್ಪತ್ರೆಯವರು ಕೇಳ್ತಾರಲ್ಲ ಧನಿಗಳೇ, ಇಲ್ಲಿಗೇ ಬಂದು ನೋಡ್ಲಿ," ಎಂದಳು ಅಮ್ಮು.

ಅಷ್ಟರಲ್ಲಿ ವಾಕರ್ ಊರುತ್ತ ವಸುಮತಿ ಅಮ್ಮ ಹೊಸ್ತಿಲಿಗೆ ಬಂದರು. ಅಮ್ಮುವಿಗೆ ದುಃಖ ಉಕ್ಕಿ ಬಂತು. ಈ ಕಾಲುಗಳನ್ನು ಎಷ್ಟು ಸಲ ತೊಳೆದಿಲ್ಲ ಅವಳು!

"ಅಮ್ಮಾ, ನಿಮ್ಮನ್ನು ನಾನು ಎತ್ತಿದ್ದಲ್ವಾ? ನನ್ನನ್ನು ಒಮ್ಮೆ ಎತ್ತಿ."

ಅವಳು ಕೈ ಚಾಚಿದಳು. ವಸುಮತಿ ಅಮ್ಮ ವಾಕರನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಕಂಬಳಿಯನ್ನು ದಾಟಿ ಹುಣ್ಣಿನ ಕೀವು ಕೆಂಪು ನೆಲಕ್ಕೆ ಇಳಿಯತೊಡಗಿತ್ತು. ಅಮ್ಮು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.