ಒದ್ದೆ ಕಾಗದಕ್ಕೆ ಅರಿಶಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಮಹೇಶ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಹೇಳಲಿ. ಎಂಟು ತಿಂಗಳ ಶನಿವಾರಗಳನ್ನೆಲ್ಲ ಸುರಿದು ಮಾಡಿದ ಕೆಲಸಕ್ಕೆ ಆ ಗತಿ ಬಂದಿದ್ದರೆ ಅವನ ಸಿಟ್ಟು ಎಲ್ಲಿರುತ್ತಿತ್ತು ಅಂತ ನಾನೂ ನೋಡುತ್ತಿದ್ದೆ.

2003ರ ಮಾತು. ನಾವು ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿದ್ದೆವು. ಮಹೇಶ ಅಲ್ಲೇ ಆಸ್ಪತ್ರೆಯಲ್ಲಿ ಡಾಕ್ಟರು, ನಾನು ಬರ್ಮಿಂಗ್‌ಹ್ಯಾಮ್‌ನ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವವಳು. ಅವನ ಡ್ಯೂಟಿ ಪಟ್ಟಿಯಲ್ಲಿ ಶನಿವಾರಕ್ಕೆ ರಜೆಯೆಂಬುದೇ ಇರಲಿಲ್ಲ. ಒಬ್ಬಳೇ ಕೂತು ಗೋಡೆ ನೋಡಿ ಬೇಸತ್ತು, ಹಳೆಯ ಕಾಲದ ಹಾಗೆ ಕೈಯಿಂದ ಪುಸ್ತಕ ಅಚ್ಚು ಹಾಕುವುದನ್ನು ಕಲಿಸುವ ತರಗತಿಗೆ ಸೇರಿಕೊಂಡೆ.

ಕಲಿಸುವವನು ಕೀತ್. ಅರವತ್ತು ದಾಟಿದವನು, ಹದಿನೈದನೇ ವಯಸ್ಸಿನಿಂದ ಸೀಸದ ಅಚ್ಚುಮೊಳೆ ಜೋಡಿಸಿದವನು. ಯುರೋಪಿನ ಮೊದಲ ಮುದ್ರಕರು ಕೈಬರಹವನ್ನೇ ಅನುಕರಿಸಲು ಎಷ್ಟು ಒದ್ದಾಡಿದರು, ಪುಸ್ತಕದ ಹೆಸರಿಗೇ ಒಂದು ಪುಟ ಬಿಡುವ ಬುದ್ಧಿ ಬರಲು ಎಷ್ಟು ವರ್ಷ ಹಿಡಿಯಿತು ಎಂದೆಲ್ಲ ಹೇಳುತ್ತಿದ್ದ. ಅವನಿಗೆ ಪ್ರಾಣವೆಂದರೆ ಇದೇ ಬರ್ಮಿಂಗ್‌ಹ್ಯಾಮ್‌ನ ಹಳೆಯ ಮುದ್ರಕ ಬ್ಯಾಸ್ಕರ್‌ವಿಲ್. ಇನ್ನೂರೈವತ್ತು ವರ್ಷಗಳ ಹಿಂದೆ ಆತ ಹೂಬಳ್ಳಿಯ ಅಲಂಕಾರವನ್ನೆಲ್ಲ ಕಿತ್ತುಹಾಕಿ, ಅಕ್ಷರದ ಸುತ್ತ ಧಾರಾಳವಾಗಿ ಬಿಳಿ ಜಾಗ ಬಿಟ್ಟನಂತೆ. ಓದಿದರೆ ಕಣ್ಣು ಹೋಗುತ್ತದೆ ಎಂದು ಆಗಿನವರು ಬೈದರಂತೆ.

ನನಗೆ ಹುಚ್ಚು ಹಿಡಿದದ್ದು ಆ ಬಿಳಿ ಜಾಗದ್ದು. ಪುಟದ ಒಳ ಅಂಚು ಕಿರಿದು, ಮೇಲಿನದು ಅದಕ್ಕಿಂತ ಸ್ವಲ್ಪ ಅಗಲ, ಹೊರಗಿನದು ಇನ್ನೂ ಅಗಲ, ಕೆಳಗಿನದು ಎಲ್ಲಕ್ಕಿಂತ ಅಗಲ. ಪುಸ್ತಕ ಹಿಡಿಯುವ ಕೈಯ ಹೆಬ್ಬೆರಳಿಗೆ ಜಾಗ ಬೇಕಲ್ಲ, ಅದಕ್ಕೆ ಅನ್ನುತ್ತಿದ್ದ ಕೀತ್. ಆಫೀಸಿನಲ್ಲಿ ಊಟದ ಹೊತ್ತಿಗೂ ಅಳತೆಪಟ್ಟಿ ಹಿಡಿದು ಕೂರುತ್ತಿದ್ದೆ.

ಕೊನೆಗೆ ಒಂದು ಪರೀಕ್ಷೆ. ತರಗತಿಯ ಏಳು ಜನರೂ ಇಂಗ್ಲಿಷಿನ ಒಂದೇ ಪ್ಯಾರಾವನ್ನು ಜೋಡಿಸಿ, ಒಂದೊಂದು ಪುಟ ಅಚ್ಚು ಹಾಕಬೇಕು. ಯಾರದು ಉತ್ತಮವೋ ಅವರೊಬ್ಬರಿಗೆ ಮಾತ್ರ ಮುಂದಿನ ವರ್ಷ ಕೀತ್‌ನ ಜೊತೆ ಇಡೀ ಪುಸ್ತಕವೊಂದನ್ನು ಮಾಡುವ ಅವಕಾಶ. ಅದರ ಮುಂದಿನ ವರ್ಷ ಅವನು ಕಲಿಸುವುದನ್ನೇ ನಿಲ್ಲಿಸುವವನಿದ್ದ. ನನಗೆ ಆ ಜಾಗ ಬೇಕಿತ್ತು. ಬದುಕಿನಲ್ಲಿ ಮೆಡಿಕಲ್ ಸೀಟಿಗೂ ನಾನು ಅಷ್ಟು ಆಸೆಪಟ್ಟಿರಲಿಲ್ಲ.

ಕೀತ್ ಕೊಟ್ಟದ್ದು ತಲೆಗೆ ಆರೇ ಹಾಳೆ, ಕೈಯಿಂದ ತಯಾರಿಸಿದ ಕಾಗದ. ಅದನ್ನು ಹಿಂದಿನ ದಿನವೇ ನೆನೆಸಿಡಬೇಕು. ಒದ್ದೆ ಕಾಗದ ಮಸಿಯನ್ನು ಚೆನ್ನಾಗಿ ಹಿಡಿಯುತ್ತದೆ. ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಹಾಳೆಗಳನ್ನು ನೆನೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಮಣೆಯಿಟ್ಟು, ಮಣೆಯ ಮೇಲೆ ಲೆಸ್ಟರ್‌ನಿಂದ ತಂದಿದ್ದ ಅಕ್ಕಿ ಚೀಲ ಹೇರಿದೆ. ಆಗ ಧಾರವಾಡದಿಂದ ನನ್ನ ಅತ್ತೆ ನೀಲಾಂಬಿಕಾ ಬಂದು ಎರಡು ತಿಂಗಳಾಗಿತ್ತು.

"ಅತ್ತೆ, ಇದು ನಾಳೆ ಅಚ್ಚಾಗೋ ಕಾಗದ. ತುಂಬಾ ಮುಖ್ಯ," ಎಂದು ಹೇಳಿ ಅಂಗಡಿಗೆ ಹೋದೆ. ಮುಟ್ಟಬೇಡಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ತುಂಬಾ ಮುಖ್ಯ ಅಂದದ್ದೇ ತಪ್ಪಾಯಿತು.

ಶನಿವಾರ ಕಾರ್ಯಾಗಾರದಲ್ಲಿ ಕಟ್ಟು ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಆಮೇಲೆ ಕಂಡಿತು: ಆರೂ ಹಾಳೆಗಳ ನಾಲ್ಕೂ ಮೂಲೆಗೆ ಅರಿಶಿನ. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಬೆರಳಲ್ಲಿ ಒತ್ತಿದ್ದು ಒದ್ದೆಯಲ್ಲಿ ಹರಡಿಕೊಂಡು ಮೂಲೆಗೊಂದು ರೂಪಾಯಿಯಗಲದ ಹಳದಿ ಕಲೆಯಾಗಿತ್ತು. ನನ್ನ ಅಂಚುಗಳು! ಕೂದಲೆಳೆಯಷ್ಟೂ ಆಚೀಚೆಯಾಗದ ಹಾಗೆ ಅಳೆದು ಬಿಟ್ಟ ಬಿಳಿಯ ಮೇಲೆ ಸಾಂಬಾರು ಚೆಲ್ಲಿದ ಹಾಗೆ. ಬೇರೆ ಕಾಗದ ಇರಲಿಲ್ಲ. ಹಲ್ಲು ಕಚ್ಚಿ ಅದರ ಮೇಲೇ ಅಚ್ಚು ಹಾಕಿದೆ.

ಮೂರು ಗಂಟೆಗೆ ಕೀತ್ ಏಳೂ ಪುಟಗಳನ್ನು ತಂತಿಗೆ ಸಿಕ್ಕಿಸಿ ನೋಡಿದ. ನನ್ನ ಪುಟದ ಮುಂದೆ ಬಂದು ನಿಂತೇಬಿಟ್ಟ.

"ಹೇಮಲತಾ, ಎಷ್ಟು ಸುಂದರ! ಈ ಬಣ್ಣ ನಿಮ್ಮ ಸಂಪ್ರದಾಯವಾ?"

"ಅದು ಕಲೆ. ಆಕಸ್ಮಿಕ," ಎಂದೆ.

"ಇದನ್ನು ನಮ್ಮ ತರಗತಿಯ ಪ್ರದರ್ಶನದಲ್ಲಿ ಬಾಗಿಲಲ್ಲೇ ತೂಗುಹಾಕೋಣ. ಭಾರತದ ಛಾಯೆ ಅಂತ ಬರೆಯೋಣ."

"ಅಂಚು ಹೇಗಿದೆ? ಪದಗಳ ನಡುವಿನ ಜಾಗ?"

"ಎಲ್ಲ ಸರಿಯಾಗಿದೆ," ಎಂದ, ಪುಟದತ್ತ ತಿರುಗದೆಯೇ. ಮುಂದಿನ ವರ್ಷದ ಜಾಗವನ್ನು ನನ್ನ ಸಹಪಾಠಿ ಗ್ರಹಾಮ್‌ಗೆ ಕೊಟ್ಟ. ಗ್ರಹಾಮ್‌ನ ಮೂರನೇ ಸಾಲಿನಲ್ಲಿ ಪದಗಳ ನಡುವೆ ಎಮ್ಮೆ ನುಗ್ಗುವಷ್ಟು ಸಂದು. ಅವನಿಗೆ ಯಾಕೆ ಎಂದು ನಾನು ಕೇಳಿಯೇಬಿಟ್ಟೆ. ಕೀತ್ ನನ್ನ ಭುಜ ತಟ್ಟಿದ. "ಅವನು ಮುದ್ರಕ. ನಿನ್ನದು ಬೇರೆ ರೀತಿಯ ಪ್ರತಿಭೆ. ಒಂದು ದಿನ ಬಂದು ನಮಗೆಲ್ಲ ಈ ಬಣ್ಣ ಮಾಡೋದು ಹೇಳಿಕೊಡು."

ಬಸ್ಸಿನಲ್ಲಿ ಬರುವಾಗ ಅತ್ತೆಗೆ ಏನೇನು ಅನ್ನಬೇಕೋ ಎಲ್ಲವನ್ನೂ ಸಾಲಾಗಿ ಜೋಡಿಸಿಕೊಂಡೆ.

ಅವರು ಅಡುಗೆಮನೆಯ ಮೇಜಿನ ಹತ್ತಿರ ತಮ್ಮ ವಚನದ ಪುಸ್ತಕ ಹಿಡಿದು ಕೂತಿದ್ದರು. ಹುಬ್ಬಳ್ಳಿಯ ಯಾವುದೋ ಪ್ರೆಸ್ಸಿನ ಅಗ್ಗದ ಪುಸ್ತಕ. ಕಾಗದ ಉಳಿಸಲು ಅಂಚಿನವರೆಗೂ ಅಕ್ಷರ ತುರುಕಿದ್ದು. ಮೊದಲ ವಾರವೇ ಅದನ್ನು ನೋಡಿ ಮುಖ ಸಿಂಡರಿಸಿದ್ದೆ. ನನ್ನ ಬಳಿ ಉಳಿದಿದ್ದ ಪುಟಗಳಲ್ಲಿ ಒಂದನ್ನು ಅವರ ಮುಂದೆ ಎಸೆದೆ.

"ಏನ್ ಮಾಡಿದ್ರಿ ಅತ್ತೆ ನೀವು? ಯಾರು ಹಚ್ಚು ಅಂದ್ರು?"

"ಶುಭದ ಕಾಗದ ಅಲ್ಲೇನವಾ? ಬರೀ ಮೂಲಿ ಹೆಂಗ ಕಳಸೂದು ಅಂತ ಹಚ್ಚಿದೆ. ಕೆಟ್ಟಿತೇನ?"

ಉತ್ತರಕ್ಕೆ ಕಾಯದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪುಟವನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದರು. ಇಂಗ್ಲಿಷಿನ ಒಂದಕ್ಷರವೂ ಅವರಿಗೆ ಬಾರದು. ಆದರೂ ಬಹಳ ಹೊತ್ತು ನೋಡಿದರು. ಹೆಬ್ಬೆರಳುಗಳನ್ನು ಒಮ್ಮೆ ಎತ್ತಿ, ಮತ್ತೆ ಅಲ್ಲೇ ಇಟ್ಟರು.

"ಹೇಮಾ, ಇಲ್ಲೆ ಹೆಬ್ಬಟ್ಟಿಗೆ ಅಂತ ಜಾಗಾ ಬಿಟ್ಟೀಯಲ್ಲ!" ಎಂದು ತಮ್ಮ ಪುಸ್ತಕ ತೆರೆದು ತೋರಿಸಿದರು. ಪ್ರತಿ ಪುಟದ ಕೆಳಮೂಲೆಯಲ್ಲೂ ಅಕ್ಷರ ಸವೆದು ಬೂದು ಕಲೆಯಾಗಿತ್ತು. "ನಲವತ್ತು ವರ್ಷ ಹಿಡದು ಹಿಡದು ಅಷ್ಟೂ ಅಳಿಸಿ ಹೋಗ್ಯಾವ. ಅಲ್ಲೆ ಬಾಯಿಪಾಠ ಹೇಳ್ತೀನಿ ನಾ. ನಿನ್ನಂಗ ಜಾಗಾ ಬಿಟ್ಟಿದ್ರ ಇನ್ನೂ ಇರ್ತಿದ್ದೂ."

ಎಂಟು ತಿಂಗಳು ನಾನು ಕೀತ್‌ನ ಬಾಯಿಂದ ಯಾವ ಮಾತು ಕೇಳಬೇಕೆಂದು ಕಾದಿದ್ದೆನೋ ಅದನ್ನು, ಕೆಲಸ ಕೆಡಿಸಿದವರೇ ಆಡಿದರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದರಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ. ಕುರ್ಚಿಯ ಮೇಲೆ ಕುಸಿದು ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ಗಾಬರಿಯಾಗಿ ಎದ್ದು ಬಂದು ನನ್ನ ತಲೆ ಸವರಿದರು. "ಅಳಬ್ಯಾಡ ನನ್ನವ್ವಾ. ಮುಂದಿನ ಸಲ ನಿನ್ನ ಕೇಳೇ ಹಚ್ತೀನಿ."

ಮುಂದಿನ ಸಲ ಎಂಬುದು ಇಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ.